ಸಕಾಲದ ಕಿಡಿ

ಗದ್ದೆಗೆ ನೀರೆತ್ತುವ ಒಂದು ಸಣ್ಣ ಪೆಟ್ರೋಲ್ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಜೋಡಿಸಲಾಗಿದೆ ಎಂದು ಭಾವಿಸೋಣ. ಪಿಸ್ಟನ್ ಹೊಸದು, ವಾಲ್ವುಗಳು ಹೊಸವು, ತೈಲ ಶುದ್ಧವಾದದ್ದು, ಕಿಡಿಯೂ ಪ್ರಖರವಾದದ್ದು. ಇಷ್ಟಾದರೂ ಅದು ಚಾಲೂ ಆಗದಿರಬಹುದು. ಆದರೂ ಬಲವಿಲ್ಲದೆ ಮುಗ್ಗರಿಸಿ ನಿಂತುಬಿಡಬಹುದು. ಒಳಗಿನ ಒಂದು ಹಲ್ಲುಚಕ್ರವು ತನ್ನ ಜೊತೆಯ ಚಕ್ರದೊಡನೆ ತಪ್ಪಾದ ಹಲ್ಲಿಗೆ ಕೂಡಿಕೊಂಡಿದ್ದರೆ ಇಂತಹ ತೊಂದರೆ ಉಂಟಾಗುತ್ತದೆ. ಹದ ತಪ್ಪಿ ಬಿತ್ತಿದ ಬೀಜವು ಹೇಗೆ ಫಲ ಕೊಡದೋ ಹಾಗೆಯೇ ಕಾಲ ತಪ್ಪಿ ಹುಟ್ಟಿದ ಕಿಡಿಯೂ ಫಲ ಕೊಡದು. ಎಂಜಿನ್ನಿನ ಒಳಗೆ ನಡೆಯುವ ಪ್ರತಿಯೊಂದು ಕ್ರಿಯೆಗೂ ಅದರದೇ ಆದ ಕ್ಷಣವೊಂದುಂಟು. ಆ ಕ್ಷಣಗಳ ಕ್ರಮವನ್ನು ಕಬ್ಬಿಣದಲ್ಲಿ ಸಾಧಿಸಿ ಜಗತ್ತಿಗೆ ತೋರಿಸಿಕೊಟ್ಟವನು ನಿಕೊಲಾಸ್ ಆಗಸ್ಟ್ ಒಟ್ಟೊ ಎಂಬ ಜರ್ಮನ್ ದೇಶದ ಸಾಹಸಿ. ಆತನು ಯಾವ ತಾಂತ್ರಿಕ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಚಹಾ, ಸಕ್ಕರೆ ಮೊದಲಾದ ವಸ್ತುಗಳನ್ನು ಮಾರುತ್ತ ಊರೂರು ತಿರುಗುತ್ತಿದ್ದ ಒಬ್ಬ ವ್ಯಾಪಾರಿ ಗುಮಾಸ್ತ ಅವನು.

ಒಟ್ಟೊ 1832ನೆಯ ಇಸವಿ ಜೂನ್ 10ರಂದು ಜರ್ಮನಿಯ ನಸ್ಸೌ ಪ್ರಾಂತ್ಯಕ್ಕೆ ಸೇರಿದ್ದ ಹೋಲ್ಟ್ಸ್‌ಹೌಸನ್ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದನು. ಅವನ ತಂದೆ ಬೇಸಾಯದೊಡನೆ ಊರಿನ ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದನು. ಒಟ್ಟೊ ಇನ್ನೂ ಶಿಶುವಾಗಿದ್ದಾಗಲೇ ತಂದೆ ತೀರಿಕೊಂಡನು. ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ಹುಡುಗನು ಓದಿನಲ್ಲಿ ಚುರುಕಾಗಿದ್ದನು. ಅವನಿಗೆ ತಾಂತ್ರಿಕ ಶಿಕ್ಷಣವನ್ನು ಕೊಡಿಸಬೇಕೆಂಬುದು ತಾಯಿಯ ಹಂಬಲವಾಗಿದ್ದಿತು. ಆದರೆ 1848ರಲ್ಲಿ ಜರ್ಮನಿಯ ಉದ್ದಗಲಕ್ಕೂ ಕ್ರಾಂತಿಯ ಗಲಭೆಗಳೆದ್ದವು; ದೇಶದ ಆರ್ಥಿಕ ಸ್ಥಿತಿ ಹದಗೆಟ್ಟಿತು. ಇಂತಹ ಕಾಲದಲ್ಲಿ ವ್ಯಾಪಾರವೇ ಭದ್ರವಾದ ದಾರಿಯೆಂದು ತಾಯಿಗೆ ತೋರಿತು. ಹದಿನಾರು ವರ್ಷದ ಬಾಲಕ ಶಾಲೆಯನ್ನು ಬಿಟ್ಟು ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಅನಂತರ ಫ್ರಾಂಕ್‌ಫರ್ಟಿನಲ್ಲಿಯೂ ಕೊಲೋನ್ ನಗರದಲ್ಲಿಯೂ ಗುಮಾಸ್ತನಾಗಿ ದುಡಿದನು. ಜರ್ಮನಿಯ ಪಶ್ಚಿಮದ ಗಡಿಯುದ್ದಕ್ಕೂ ಪ್ರಯಾಣಮಾಡಿ ದಿನಸಿ ವ್ಯಾಪಾರಿಗಳಿಂದ ಬೇಡಿಕೆಗಳನ್ನು ಸಂಗ್ರಹಿಸುವುದು ಅವನ ಕೆಲಸವಾಗಿದ್ದಿತು.

1858ರಲ್ಲಿ ಕೊಲೋನಿನ ಉತ್ಸವವೊಂದರಲ್ಲಿ ಅವನಿಗೆ ಆನ್ನಾ ಗೋಸ್ಸಿ ಎಂಬ ಯುವತಿಯ ಪರಿಚಯವಾಯಿತು. ಇಬ್ಬರೂ ಮದುವೆಯಾಗಲು ನಿಶ್ಚಯಿಸಿದರು. ಆದರೆ ಆ ಮದುವೆ ನೆರವೇರಿದ್ದು 1868ರಲ್ಲಿ. ಆ ಹತ್ತು ವರ್ಷಗಳಲ್ಲಿ ಒಟ್ಟೊ ತನ್ನ ಸಂಪಾದನೆಯನ್ನೂ ಬಂಧುಮಿತ್ರರಿಂದ ಪಡೆದ ಸಾಲವನ್ನೂ ಒಂದು ಕನಸಿಗೆ ಸುರಿದನು. ಅದು ಎಂಜಿನ್ನಿನ ಕನಸು.

ಆಗ ಕಾರ್ಖಾನೆಗಳನ್ನು ನಡೆಸುತ್ತಿದ್ದದ್ದು ಉಗಿಯಂತ್ರ. ಅದಕ್ಕೆ ದೊಡ್ಡ ಕುದಿಪಾತ್ರೆ ಬೇಕು; ಕಲ್ಲಿದ್ದಲಿನ ರಾಶಿ ಬೇಕು; ಬೆಂಕಿಯನ್ನು ಕಾಯಲು ಆಳು ಬೇಕು. ಸಣ್ಣ ಬಡಗಿಗೂ ಮುದ್ರಣಕಾರನಿಗೂ ಅದು ಎಟುಕುವ ವಸ್ತುವಾಗಿರಲಿಲ್ಲ. 1860ರಲ್ಲಿ ಪ್ಯಾರಿಸ್ಸಿನಲ್ಲಿ ಲೆನ್ವಾ ಎಂಬುವನು ಬೀದಿದೀಪಗಳಿಗೆ ಬಳಸುತ್ತಿದ್ದ ಕಲ್ಲಿದ್ದಲ ಅನಿಲದಿಂದ ನಡೆಯುವ ಎಂಜಿನ್ನೊಂದನ್ನು ಹೊರತಂದನು. ಅದರಲ್ಲಿ ಇಂಧನವು ಸಿಲಿಂಡರಿನ ಒಳಗೇ ಉರಿಯುತ್ತಿದ್ದಿತು. ಪಿಸ್ಟನ್ ಅರ್ಧ ದೂರ ಸರಿಯುವವರೆಗೆ ಅನಿಲ ಮತ್ತು ಗಾಳಿಯ ಮಿಶ್ರಣವು ಒಳಗೆ ಬರುತ್ತಿದ್ದಿತು. ಆಗ ವಿದ್ಯುತ್ ಕಿಡಿ ಹಾರಿ ಮಿಶ್ರಣವು ಸ್ಫೋಟಿಸಿ ಉಳಿದ ದೂರಕ್ಕೆ ಪಿಸ್ಟನ್ನನ್ನು ತಳ್ಳುತ್ತಿದ್ದಿತು. ಆದರೆ ಅದು ಅನಿಲವನ್ನು ಮಿತಿಯಿಲ್ಲದೆ ನುಂಗುತ್ತಿದ್ದಿತು, ಬೇಗನೆ ಕಾದುಹೋಗುತ್ತಿದ್ದಿತು. ಇದರ ಸುದ್ದಿಯನ್ನು ಓದಿದ ಒಟ್ಟೊನ ಮನಸ್ಸು ವ್ಯಾಪಾರದಲ್ಲಿ ನಿಲ್ಲದಾಯಿತು. ತನ್ನ ಅಣ್ಣನೊಡನೆ ಸೇರಿ ದ್ರವ ಇಂಧನದಿಂದ ನಡೆಯುವ ಎಂಜಿನ್ನಿಗಾಗಿ 1861ರ ಆರಂಭದಲ್ಲಿ ಪೇಟೆಂಟ್ ಎಂಬ ಏಕಸ್ವಾಮ್ಯದ ಹಕ್ಕನ್ನು ಕೋರಿದನು. ಸರ್ಕಾರವು ಅದನ್ನು ನಿರಾಕರಿಸಿತು. ಅವನು ಧೃತಿಗೆಡಲಿಲ್ಲ. ಕೊಲೋನಿನ ಕುಶಲ ಯಂತ್ರಕಾರನೊಬ್ಬನಿಂದ ಲೆನ್ವಾನ ಮಾದರಿಯ ಸಣ್ಣ ಎಂಜಿನ್ನೊಂದನ್ನು ಮಾಡಿಸಿಕೊಂಡು ಅದನ್ನೇ ತನ್ನ ಗುರುವನ್ನಾಗಿ ಮಾಡಿಕೊಂಡನು.

ಆ ಪ್ರಯೋಗಗಳಲ್ಲಿ ಒಂದು ದಿನ ಒಟ್ಟೊ ಕಿಡಿಯ ಕಾಲವನ್ನು ಬದಲಿಸಿ ನೋಡಿದನು. ಮಿಶ್ರಣವನ್ನು ಒಳಗೆ ಎಳೆದುಕೊಂಡ ಕೂಡಲೇ ಕಿಡಿ ಕೊಡಲಿಲ್ಲ. ಗತಿಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಪಿಸ್ಟನ್ನನ್ನು ಮೊದಲಿನ ಸ್ಥಾನಕ್ಕೆ ತಳ್ಳಿ, ಒಳಗಿದ್ದ ಮಿಶ್ರಣವನ್ನು ಒತ್ತಿ ಕುಗ್ಗಿಸಿದನು. ಆ ಬಳಿಕ ಕಿಡಿ ಕೊಟ್ಟನು. ಎಂಜಿನ್ ಒಮ್ಮೆಲೇ ಜೀವತಳೆಯಿತು. ಒಂದೇ ಸ್ಫೋಟದ ಬಲದಿಂದ ಭಾರವಾದ ಗತಿಚಕ್ರವು ಹಲವಾರು ಸುತ್ತು ರಭಸದಿಂದ ತಿರುಗಿತು. ಇಂಧನ ಅದೇ, ಸಿಲಿಂಡರ್ ಅದೇ, ಕಿಡಿಯೂ ಅದೇ. ಬದಲಾದದ್ದು ಕ್ರಿಯೆಗಳ ಕ್ರಮ ಮತ್ತು ಕಿಡಿಯ ಕ್ಷಣ ಮಾತ್ರ. ಒಟ್ಟೊನ ಜೀವನದ ದಿಕ್ಕನ್ನು ನಿರ್ಧರಿಸಿದ ಅನುಭವ ಇದು.

ಈ ತತ್ತ್ವವನ್ನು ಅನುಸರಿಸಿ ಅವನು ನಾಲ್ಕು ಸಿಲಿಂಡರುಗಳ ಎಂಜಿನ್ನೊಂದನ್ನು ಮಾಡಿಸಿದನು. ಅದು ನಡೆಯಿತು, ಆದರೆ ಕೆಲವೇ ನಿಮಿಷಗಳು. ಸ್ಫೋಟದ ಹೊಡೆತಗಳು ಎಷ್ಟು ಉಗ್ರವಾಗಿದ್ದವೆಂದರೆ ಯಂತ್ರವು ಅವನ್ನು ತಾಳಲಾರದೆ 1862ರ ವೇಳೆಗೆ ನಾಶವಾಯಿತು. ಕೈಯಲ್ಲಿದ್ದ ಹಣವೂ ಕರಗಿತು. ಒಟ್ಟೊ ಆ ಮಾರ್ಗವನ್ನು ತಾತ್ಕಾಲಿಕವಾಗಿ ಬದಿಗಿಟ್ಟು, ಬೇರೊಂದು ಬಗೆಯ ಎಂಜಿನ್ನಿನತ್ತ ಗಮನ ಹರಿಸಿದನು. ಅದರಲ್ಲಿ ಸ್ಫೋಟವು ಪಿಸ್ಟನ್ನನ್ನು ಸ್ವತಂತ್ರವಾಗಿ ಮೇಲಕ್ಕೆ ಚಿಮ್ಮಿಸುತ್ತಿದ್ದಿತು. ಅನಂತರ ಹೊರಗಿನ ವಾಯುಮಂಡಲದ ಒತ್ತಡವು ಅದನ್ನು ಕೆಳಕ್ಕೆ ನೂಕುವಾಗ ಕೆಲಸ ನಡೆಯುತ್ತಿದ್ದಿತು. ಆದುದರಿಂದ ಅದನ್ನು ವಾಯುಮಂಡಲ ಎಂಜಿನ್ ಎಂದು ಕರೆದರು.

ಈ ಸಮಯದಲ್ಲಿ ಅವನಿಗೆ ದೊರೆತ ಮಿತ್ರನೇ ಅಯ್ಗೆನ್ ಲಾಂಗೆನ್. ಸಕ್ಕರೆ ಉದ್ಯಮದ ಸಿರಿವಂತ ಮನೆತನದಲ್ಲಿ ಹುಟ್ಟಿ, ತಾಂತ್ರಿಕ ಶಿಕ್ಷಣವನ್ನೂ ಪಡೆದಿದ್ದ ಲಾಂಗೆನ್ ಒಟ್ಟೊನ ಯಂತ್ರವನ್ನು ಕಂಡು ಅದರ ಭವಿಷ್ಯವನ್ನು ಗುರುತಿಸಿದನು. 1864ರ ಮಾರ್ಚ್ 31ರಂದು ಇಬ್ಬರೂ ಸೇರಿ ಕೊಲೋನಿನಲ್ಲಿ ಎಂಜಿನ್ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಮೂರು ವರ್ಷಗಳ ಪರಿಶ್ರಮದ ಬಳಿಕ ತಮ್ಮ ಎಂಜಿನ್ನನ್ನು 1867ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಒಯ್ದರು. ದಡದಡನೆ ಸದ್ದುಮಾಡುವ ಆ ಎತ್ತರದ ಯಂತ್ರವು ನೋಡಲು ಅಂದವಾಗಿರಲಿಲ್ಲ. ಆದರೆ ಅನಿಲದ ಖರ್ಚನ್ನು ಅಳೆದು ನೋಡಿದಾಗ ಅದು ಲೆನ್ವಾನ ಎಂಜಿನ್ನಿನ ಅರ್ಧಕ್ಕಿಂತಲೂ ಕಡಿಮೆ ಅನಿಲವನ್ನು ಬಳಸುತ್ತದೆಂಬುದು ಸ್ಪಷ್ಟವಾಯಿತು. ಚಿನ್ನದ ಪದಕವು ಒಟ್ಟೊ ಮತ್ತು ಲಾಂಗೆನ್ನರಿಗೆ ದೊರೆಯಿತು. ಮರುವರ್ಷ ಒಟ್ಟೊ ಆನ್ನಾಳನ್ನು ವಿವಾಹವಾದನು.

ಕಾರ್ಖಾನೆಯು ಬೆಳೆದು ರೈನ್ ನದಿಯ ಆಚೆಯ ದಡದಲ್ಲಿರುವ ಡಾಯ್ಟ್ಸ್ ಎಂಬಲ್ಲಿಗೆ ಸ್ಥಳಾಂತರಗೊಂಡಿತು. 1872ರಲ್ಲಿ ಅದು ದೊಡ್ಡ ಕಂಪನಿಯಾಗಿ ರೂಪುಗೊಂಡಿತು. ಮುಂದೆ ಮೋಟಾರು ವಾಹನಗಳ ಇತಿಹಾಸದಲ್ಲಿ ಪ್ರಸಿದ್ಧರಾದ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಖ್ ಇಬ್ಬರೂ ಅಲ್ಲಿ ಕೆಲಸಕ್ಕೆ ಸೇರಿದರು. ತಾಂತ್ರಿಕ ವಿಭಾಗದ ಮುಖ್ಯಸ್ಥನಾದ ಡೈಮ್ಲರನಿಗೂ ಪದವಿಯಿಲ್ಲದ ಒಟ್ಟೊನಿಗೂ ಮನಸ್ಸು ಕೂಡಲಿಲ್ಲ. ವಾಯುಮಂಡಲ ಎಂಜಿನ್ನು ಮೂರು ಅಶ್ವಶಕ್ತಿಯನ್ನು ಮೀರಿ ಬೆಳೆಯಲಾರದೆ ನಿಂತಿದ್ದಿತು. ಆಗ ಒಟ್ಟೊ ಹದಿನಾಲ್ಕು ವರ್ಷಗಳ ಹಿಂದೆ ಬದಿಗಿಟ್ಟಿದ್ದ ಆಲೋಚನೆಯನ್ನು ಮತ್ತೆ ಕೈಗೆತ್ತಿಕೊಂಡನು. 1876ರಲ್ಲಿ ಅವನ ನಾಲ್ಕು ಹೊಡೆತಗಳ ಎಂಜಿನ್ ಸಿದ್ಧವಾಯಿತು.

ಈ ಎಂಜಿನ್ನಿನ ಕಾರ್ಯಕ್ರಮವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಪಿಸ್ಟನ್ ಸಿಲಿಂಡರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆ ಚಲಿಸುವುದಕ್ಕೆ ಒಂದು ಹೊಡೆತವೆಂದು ಹೆಸರು. ಮೊದಲನೆಯ ಹೊಡೆತದಲ್ಲಿ ಪಿಸ್ಟನ್ ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಹಿಂದಿರುಗುತ್ತ ಅದನ್ನು ಒತ್ತಿ ಕುಗ್ಗಿಸುತ್ತದೆ. ಆಗ ಮಿಶ್ರಣಕ್ಕೆ ಬೆಂಕಿ ತಗಲುತ್ತದೆ. ಉರಿದು ಹಿಗ್ಗಿದ ಅನಿಲವು ಪಿಸ್ಟನ್ನನ್ನು ಬಲವಾಗಿ ತಳ್ಳುವುದೇ ಮೂರನೆಯ ಹೊಡೆತ. ನಾಲ್ಕನೆಯದರಲ್ಲಿ ಸುಟ್ಟ ಅನಿಲವು ಹೊರದೂಡಲ್ಪಡುತ್ತದೆ. ನಾಲ್ಕು ಹೊಡೆತಗಳಲ್ಲಿ ಕೆಲಸ ಕೊಡುವುದು ಒಂದೇ ಒಂದು. ಮಿಕ್ಕ ಮೂರು ಹೊಡೆತಗಳನ್ನು ಗತಿಚಕ್ರದಲ್ಲಿ ಉಳಿದ ವೇಗವೇ ನಡೆಸಬೇಕು. ಮೇಲುನೋಟಕ್ಕೆ ಇದು ನಷ್ಟದ ವ್ಯವಹಾರವೆಂದು ತೋರುತ್ತದೆ. ಆದರೆ ಒತ್ತಿ ಕುಗ್ಗಿಸಿದ ಮಿಶ್ರಣದಿಂದ ಹೊಮ್ಮುವ ಬಲವು ಈ ನಷ್ಟವನ್ನೆಲ್ಲ ತುಂಬಿಕೊಟ್ಟು ಇನ್ನೂ ಉಳಿಯುತ್ತದೆ.

ನಾಲ್ಕು ಹೊಡೆತಗಳು ಮುಗಿಯುವುದರೊಳಗೆ ಕ್ರ್ಯಾಂಕ್ ಎಂಬ ಮುಖ್ಯ ದಂಡವು ಎರಡು ಸುತ್ತು ತಿರುಗುತ್ತದೆ. ಆದರೆ ಸುಟ್ಟ ಅನಿಲದ ಬಾಗಿಲು ತೆರೆಯಬೇಕಾದದ್ದು ಒಂದೇ ಸಲ. ಬೆಂಕಿ ತಗಲಬೇಕಾದದ್ದೂ ಒಂದೇ ಸಲ. ಇದನ್ನು ಸಾಧಿಸಲು ಒಟ್ಟೊನ ಎಂಜಿನ್ನಿನ ಪಕ್ಕದಲ್ಲಿ ಎರಡನೆಯ ದಂಡವೊಂದಿದ್ದಿತು. ಮುಖ್ಯ ದಂಡವು ಎರಡು ಸುತ್ತು ತಿರುಗಿದಾಗ ಇದು ಒಂದೇ ಸುತ್ತು ತಿರುಗುವಂತೆ ಹಲ್ಲುಚಕ್ರಗಳನ್ನು ಅಳವಡಿಸಲಾಗಿದ್ದಿತು. ಈ ದಂಡದ ಮೇಲಿದ್ದ ಉಬ್ಬಾದ ಬಿಲ್ಲೆಗೆ ಕ್ಯಾಮ್ ಎಂದು ಹೆಸರು. ಅದರ ಉಬ್ಬು ಬಂದಾಗ ಸುಟ್ಟ ಅನಿಲದ ವಾಲ್ವು ತೆರೆಯುತ್ತಿದ್ದಿತು. ಉಬ್ಬು ದಾಟಿದೊಡನೆ ಮುಚ್ಚಿಕೊಳ್ಳುತ್ತಿದ್ದಿತು. ಅದೇ ದಂಡವು ಒಂದು ಜಾರುಪಟ್ಟಿಯನ್ನೂ ಹಿಂದುಮುಂದಾಗಿ ಚಲಿಸುವಂತೆ ಮಾಡುತ್ತಿದ್ದಿತು. ಹೊರಗೆ ಸದಾ ಉರಿಯುತ್ತಿದ್ದ ಪುಟ್ಟ ಜ್ವಾಲೆಯಿಂದ ಬೆಂಕಿಯನ್ನು ತನ್ನ ಗುಳಿಯಲ್ಲಿ ಹೊತ್ತುಕೊಂಡು, ತಕ್ಕ ಕ್ಷಣದಲ್ಲಿ ಸಿಲಿಂಡರಿನ ರಂಧ್ರಕ್ಕೆ ತಲುಪಿಸುವುದು ಆ ಪಟ್ಟಿಯ ಕೆಲಸ. ನಿಮಿಷಕ್ಕೆ ಸುಮಾರು 180 ಸುತ್ತಿನಂತೆ ತಿರುಗುತ್ತ ಆ ಎಂಜಿನ್ ಮೂರು ಅಶ್ವಶಕ್ತಿಯನ್ನು ಕೊಡುತ್ತಿದ್ದಿತು. ಹಿಂದಿನ ಯಂತ್ರದ ಅಬ್ಬರ ಇದಕ್ಕಿಲ್ಲದ ಕಾರಣ ಜನರು ಇದನ್ನು ಮೌನಿ ಒಟ್ಟೊ ಎಂದು ಕರೆದರು. 1877ರ ಆಗಸ್ಟ್ 4ರ ದಿನಾಂಕದಿಂದ ಇದಕ್ಕೆ ಜರ್ಮನ್ ಪೇಟೆಂಟ್ ದೊರೆಯಿತು.

ತನ್ನ ಎಂಜಿನ್ ಮೃದುವಾಗಿ ನಡೆಯಲು ಕಾರಣವೇನೆಂಬುದರ ಬಗ್ಗೆ ಒಟ್ಟೊ ದೀರ್ಘವಾಗಿ ಯೋಚಿಸಿದ್ದನು. ಕಾರ್ಖಾನೆಯ ಚಿಮಣಿಯಿಂದ ದಟ್ಟವಾಗಿ ಹೊರಟ ಹೊಗೆಯು ಕ್ರಮೇಣ ಗಾಳಿಯಲ್ಲಿ ತೆಳುವಾಗುವುದನ್ನು ಕಂಡು, ಸಿಲಿಂಡರಿನೊಳಗೂ ಅನಿಲವು ಹೀಗೆಯೇ ಪದರಪದರವಾಗಿ ಇರಬೇಕೆಂದು ಅವನು ಊಹಿಸಿದನೆಂದು ಹೇಳುತ್ತಾರೆ. ಪೇಟೆಂಟಿನಲ್ಲಿಯೂ ಈ ಪದರಗಳ ವಿಚಾರಕ್ಕೆ ಅವನು ಬಹಳ ಮಹತ್ವವನ್ನು ಕೊಟ್ಟನು. ಆದರೆ ನಿಜವಾದ ಲಾಭವು ಬಂದದ್ದು ಮಿಶ್ರಣವನ್ನು ಮೊದಲೇ ಒತ್ತಿ ಕುಗ್ಗಿಸಿದ್ದರಿಂದ ಎಂಬುದು ಅನಂತರ ಖಚಿತವಾಯಿತು. ಅವನ ಕೈ ಸರಿಯಾದ ಯಂತ್ರವನ್ನು ನಿರ್ಮಿಸಿದ್ದಿತು. ಅದರ ಕಾರಣವನ್ನು ಪೂರ್ತಿಯಾಗಿ ವಿವರಿಸುವ ಕೆಲಸವು ಮುಂದಿನವರ ಪಾಲಿಗೆ ಉಳಿಯಿತು.

1882ರಲ್ಲಿ ವುರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯವು ಕಾಲೇಜನ್ನೇ ಕಾಣದ ಈ ವ್ಯಕ್ತಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಆದರೂ ಒಟ್ಟೊ ವಿಶ್ರಮಿಸಲಿಲ್ಲ. ಜ್ವಾಲೆಯನ್ನು ಹೊತ್ತು ತರುವ ಜಾರುಪಟ್ಟಿಯು ನಿಧಾನವಾದ ಯಂತ್ರಕ್ಕೆ ಮಾತ್ರ ತಕ್ಕುದಾಗಿದ್ದಿತು. ಅನಿಲದ ಕೊಳವೆಗಳಿಲ್ಲದ ಊರುಗಳಲ್ಲಿಯೂ ಎಂಜಿನ್ ನಡೆಯಬೇಕಾದರೆ ದ್ರವ ಇಂಧನ ಬೇಕು. ಅದಕ್ಕೆ ನಂಬತಕ್ಕ ವಿದ್ಯುತ್ ಕಿಡಿ ಬೇಕು. 1884ರಲ್ಲಿ ಅವನು ಮ್ಯಾಗ್ನೆಟೊ ಎಂಬ ಸಾಧನವನ್ನು ಎಂಜಿನ್ನಿಗೆ ಅಳವಡಿಸಿದನು. ಅಯಸ್ಕಾಂತದ ನಡುವೆ ಸುರುಳಿಯೊಂದು ಥಟ್ಟನೆ ಚಲಿಸಿದಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದೇ ಗಳಿಗೆಯಲ್ಲಿ ಸಿಲಿಂಡರಿನೊಳಗಿನ ಎರಡು ಲೋಹದ ತುದಿಗಳು ಬೇರ್ಪಟ್ಟರೆ ನಡುವೆ ಕಿಡಿ ಹಾರುತ್ತದೆ. ಈ ಬೇರ್ಪಡಿಕೆಯ ಕ್ಷಣವನ್ನೂ ಎಂಜಿನ್ನೇ ನಿರ್ಧರಿಸುತ್ತಿದ್ದಿತು. 1887ರಲ್ಲಿ ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಎಂಬ ಕುಶಲಿಯು ಡಾಯ್ಟ್ಸ್ ಕಾರ್ಖಾನೆಯ ಈ ಮಾದರಿಯನ್ನೇ ಆಧಾರವಾಗಿಟ್ಟುಕೊಂಡು ತನ್ನ ಮೊದಲ ಮ್ಯಾಗ್ನೆಟೊವನ್ನು ಮಾಡಿದನು. ಆತನ ಹೆಸರಿನ ಸಂಸ್ಥೆಯು ಮುಂದೆ ಜಗತ್ತಿನಾದ್ಯಂತ ಬೆಳೆಯಿತು. ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳಿಗೆ ಹೆಸರಾದ ಮೈಕೋ ಕಾರ್ಖಾನೆಯು ಆ ಸಂಸ್ಥೆಯ ಸಂಬಂಧದಿಂದಲೇ ಬೆಳೆದದ್ದು.

ಒಟ್ಟೊ ಹಾಕಿಕೊಟ್ಟ ಈ ಕಾಲನಿಯಮವನ್ನು ಇಂದಿಗೂ ಸಣ್ಣ ಎಂಜಿನ್ ಜೋಡಿಸುವ ಪ್ರತಿಯೊಬ್ಬ ಕುಶಲಕರ್ಮಿಯೂ ಪಾಲಿಸುತ್ತಾನೆ. ಕ್ಯಾಮ್ ದಂಡದ ಹಲ್ಲುಚಕ್ರದಲ್ಲಿ ಮುಖ್ಯ ದಂಡದ ಚಕ್ರಕ್ಕಿಂತ ಎರಡರಷ್ಟು ಹಲ್ಲುಗಳಿರುತ್ತವೆ. ಎರಡು ಚಕ್ರಗಳ ಮೇಲೂ ಚುಕ್ಕೆಯ ಗುರುತುಗಳನ್ನು ಕೊರೆದಿರುತ್ತಾರೆ. ಜೋಡಿಸುವಾಗ ಅವು ಒಂದಕ್ಕೊಂದು ಎದುರಾಗಿ ಬರಬೇಕು. ಮುಖ್ಯ ದಂಡದ ಚಕ್ರಕ್ಕೆ 20 ಹಲ್ಲುಗಳಿವೆಯೆಂದು ಇಟ್ಟುಕೊಂಡರೆ, ಒಂದು ಹಲ್ಲು ತಪ್ಪಿದರೂ ವಾಲ್ವಿನ ಕಾಲವು ಮುಖ್ಯ ದಂಡದ 18 ಡಿಗ್ರಿಯಷ್ಟು ತಪ್ಪುತ್ತದೆ. ಬಾಗಿಲು ತೆರೆಯಬೇಕಾದಾಗ ಮುಚ್ಚಿರುತ್ತದೆ, ಮುಚ್ಚಬೇಕಾದಾಗ ತೆರೆದಿರುತ್ತದೆ.

ಇನ್ನು ಕಿಡಿಯ ಕಾಲ. ಎರಡು ಸುತ್ತುಗಳಲ್ಲಿ ಪಿಸ್ಟನ್ ಎರಡು ಬಾರಿ ತುದಿಗೆ ಏರುತ್ತದೆ. ಒಮ್ಮೆ ಮಿಶ್ರಣವನ್ನು ಒತ್ತುತ್ತ, ಇನ್ನೊಮ್ಮೆ ಸುಟ್ಟ ಅನಿಲವನ್ನು ಹೊರದೂಡುತ್ತ. ಕಿಡಿಯ ಸಾಧನವನ್ನು ಕ್ಯಾಮ್ ದಂಡವೇ ನಡೆಸುವ ಎಂಜಿನ್ನುಗಳಲ್ಲಿ ಇವೆರಡನ್ನು ಬೇರ್ಪಡಿಸಿ ಗುರುತಿಸದೆ ಜೋಡಿಸಿದವನ ಶ್ರಮ ವ್ಯರ್ಥವಾಗುತ್ತದೆ. ಎರಡು ವಾಲ್ವುಗಳೂ ಮುಚ್ಚಿರುವ ಏರಿಕೆಯೇ ಒತ್ತುವ ಏರಿಕೆ. ಕಿಡಿಯು ಪಿಸ್ಟನ್ ತುದಿಯನ್ನು ಮುಟ್ಟುವುದಕ್ಕಿಂತ ತುಸು ಮೊದಲೇ ಹಾರಬೇಕು. ಏಕೆಂದರೆ ಜ್ವಾಲೆಯು ಮಿಶ್ರಣದಲ್ಲೆಲ್ಲ ಹರಡಲು ಸ್ವಲ್ಪ ಕಾಲ ಬೇಕು. ಒಟ್ಟೊನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಅವಕಾಶವಿದ್ದಿತು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಅದು ಐವತ್ತನೆಯ ಒಂದು ಭಾಗ ಮಾತ್ರ. ಕಿಡಿ ಬಹಳ ಮುಂಚೆ ಬಂದರೆ ಏರುತ್ತಿರುವ ಪಿಸ್ಟನ್ನಿಗೆ ಎದುರೇಟು ಬಿದ್ದು ಎಂಜಿನ್ ಬಡಿಯುತ್ತದೆ. ಚಾಲೂ ಮಾಡುವವನ ಕೈಗೂ ಪೆಟ್ಟಾಗಬಹುದು. ತಡವಾಗಿ ಬಂದರೆ ಬಲವು ಕುಂದಿ, ಎಂಜಿನ್ ಕಾದು, ಇಂಧನವು ಪೋಲಾಗುತ್ತದೆ. ಇಂದಿನ ಅನೇಕ ಎಂಜಿನ್ನುಗಳಲ್ಲಿ ಈ ಕ್ಷಣವನ್ನು ಎಲೆಕ್ಟ್ರಾನಿಕ್ ಸಾಧನವೇ ನಿರ್ಣಯಿಸುತ್ತದೆ. ಸಾಧನ ಬದಲಾಗಿದೆ, ನಿಯಮ ಬದಲಾಗಿಲ್ಲ.

ಕಾಲದ ಮರ್ಮವನ್ನು ಅರಿತಿದ್ದ ಒಟ್ಟೊನಿಗೆ ಕಾಲವೇ ಒಂದು ಕಠಿನ ಪೆಟ್ಟನ್ನು ಕಾದಿರಿಸಿದ್ದಿತು. ಅವನ ಪೇಟೆಂಟಿನಿಂದಾಗಿ ಇತರ ಕಾರ್ಖಾನೆಗಳು ನಾಲ್ಕು ಹೊಡೆತಗಳ ಎಂಜಿನ್ನನ್ನು ಸ್ವತಂತ್ರವಾಗಿ ತಯಾರಿಸುವಂತಿರಲಿಲ್ಲ. ಅವರು ನ್ಯಾಯಾಲಯದ ಮೊರೆಹೊಕ್ಕರು. ಆಗ ಹಳೆಯ ಕಿರುಪುಸ್ತಕವೊಂದು ಬೆಳಕಿಗೆ ಬಂದಿತು. ಬೋ ದ ರೋಷಾ ಎಂಬ ಫ್ರೆಂಚ್ ಎಂಜಿನಿಯರನು 1862ರಲ್ಲಿಯೇ ನಾಲ್ಕು ಹೊಡೆತಗಳ ತತ್ತ್ವವನ್ನು ಅದರಲ್ಲಿ ಬರೆದಿಟ್ಟಿದ್ದನು. ಅವನು ಅಂತಹ ಎಂಜಿನ್ನನ್ನು ನಿರ್ಮಿಸಿರಲಿಲ್ಲ. ಅವನ ಬರವಣಿಗೆಯನ್ನು ಬಹುಮಂದಿ ಓದಿಯೂ ಇರಲಿಲ್ಲ. ಆದರೂ ತತ್ತ್ವವು ಮೊದಲೇ ಪ್ರಕಟವಾಗಿದ್ದಿತೆಂಬ ಸಂಗತಿಯನ್ನು ಅಲ್ಲಗಳೆಯುವಂತಿರಲಿಲ್ಲ. 1886ರ ಜನವರಿ 30ರಂದು ಜರ್ಮನಿಯ ಉಚ್ಚ ನ್ಯಾಯಾಲಯವು ಒಟ್ಟೊನ ಹಕ್ಕಿನ ಮುಖ್ಯಭಾಗವನ್ನು ರದ್ದುಗೊಳಿಸಿತು. ಬ್ರಿಟನ್ನಿನ ನ್ಯಾಯಾಲಯವು ಮಾತ್ರ ಅವನ ಪೇಟೆಂಟನ್ನು ಎತ್ತಿಹಿಡಿಯಿತು. ತನ್ನ ಕೈಯಾರೆ ಪ್ರಯೋಗಮಾಡಿ ಕಂಡುಕೊಂಡದ್ದನ್ನು ತನ್ನದಲ್ಲವೆಂದು ಕೇಳಬೇಕಾಗಿ ಬಂದದ್ದು ಒಟ್ಟೊನ ಮನಸ್ಸನ್ನು ಆಳವಾಗಿ ನೋಯಿಸಿತು.

ಆದರೆ ಅವನ ಈ ನಷ್ಟವು ಜಗತ್ತಿಗೆ ಲಾಭವಾಯಿತು. ಆ ತೀರ್ಪಿಗೆ ಹಿಂದಿನ ದಿನವೇ, ಎಂದರೆ 1886ರ ಜನವರಿ 29ರಂದು, ಕಾರ್ಲ್ ಬೆಂಝ್ ತನ್ನ ಮೂರು ಗಾಲಿಯ ಮೋಟಾರು ಬಂಡಿಗಾಗಿ ಪೇಟೆಂಟ್ ಕೋರಿದ್ದನು. ಆ ಬಂಡಿಯೊಳಗಿದ್ದದ್ದು ನಾಲ್ಕು ಹೊಡೆತಗಳ ಎಂಜಿನ್. 1882ರಲ್ಲಿ ಡಾಯ್ಟ್ಸ್ ಕಾರ್ಖಾನೆಯನ್ನು ಬಿಟ್ಟುಹೋಗಿದ್ದ ಡೈಮ್ಲರನೂ ಮೇಬಾಖನೂ ಸೇರಿ 1885ರಲ್ಲಿ ದ್ವಿಚಕ್ರವಾಹನಕ್ಕೆ ಅಂತಹುದೇ ಪುಟ್ಟ ಎಂಜಿನ್ನನ್ನು ಕೂರಿಸಿದ್ದರು. ತೀರ್ಪಿನ ಬಳಿಕ ಯಾರು ಬೇಕಾದರೂ ನಾಲ್ಕು ಹೊಡೆತಗಳ ಎಂಜಿನ್ನನ್ನು ತಯಾರಿಸಬಹುದಾಯಿತು. ಮೋಟಾರು ಕಾರು, ದೋಣಿ, ನೀರೆತ್ತುವ ಯಂತ್ರ, ಕೊನೆಗೆ ವಿಮಾನ ಎಲ್ಲವೂ ಈ ಕ್ರಮವನ್ನು ಅವಲಂಬಿಸಿದವು. ಒಟ್ಟೊನ ಏಳು ಮಂದಿ ಮಕ್ಕಳಲ್ಲಿ ಒಬ್ಬನಾದ ಗುಸ್ತಾವ್ ಮುಂದೆ ವಿಮಾನಗಳ ತಯಾರಿಕೆಯಲ್ಲಿ ಹೆಸರು ಪಡೆದನು. ಅದನ್ನು ಕಾಣುವ ಭಾಗ್ಯ ತಂದೆಗೆ ಇರಲಿಲ್ಲ. 1891ರ ಜನವರಿ 26ರಂದು, ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ, ಒಟ್ಟೊ ಕೊಲೋನಿನಲ್ಲಿ ನಿಧನನಾದನು.

ತತ್ತ್ವವನ್ನು ಬರೆದವನು ಬೋ ದ ರೋಷಾ. ಅದನ್ನು ನಡೆಯುವ ಯಂತ್ರವನ್ನಾಗಿ ಮಾಡಿದವನು ಒಟ್ಟೊ. ವಿಜ್ಞಾನದ ಇತಿಹಾಸವು ಇಬ್ಬರಿಗೂ ಸಲ್ಲತಕ್ಕ ಸ್ಥಾನವನ್ನು ಕೊಟ್ಟಿದೆ. ಆದರೂ ಭೌತವಿಜ್ಞಾನದ ಪುಸ್ತಕಗಳಲ್ಲಿ ಈ ನಾಲ್ಕು ಹೊಡೆತಗಳ ಆವರ್ತನೆಯು ಒಟ್ಟೊ ಚಕ್ರವೆಂಬ ಹೆಸರಿನಿಂದಲೇ ಉಳಿದಿದೆ. ನ್ಯಾಯಾಲಯವು ಕಿತ್ತುಕೊಂಡ ಹಕ್ಕನ್ನು ಲೋಕವು ಹೆಸರಿನ ರೂಪದಲ್ಲಿ ಹಿಂದಿರುಗಿಸಿತು. ತಂದೆಯಿಲ್ಲದೆ ಬೆಳೆದು, ಶಾಲೆಯನ್ನು ಅರ್ಧಕ್ಕೆ ಬಿಟ್ಟು, ಒಮ್ಮೆ ಒಡೆದುಹೋದ ಯಂತ್ರವನ್ನು ಹದಿನಾಲ್ಕು ವರ್ಷಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡು, ತಕ್ಕ ಕಾಲ ಬಂದಾಗ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದ ಈ ಗುಮಾಸ್ತನ ಬಾಳು, ಸಾಧಿಸಬೇಕೆನ್ನುವವರಿಗೆ ತಾಳ್ಮೆಯ ಬೆಲೆಯನ್ನು ತಿಳಿಸಿಕೊಡುತ್ತದೆ.